ಮೂರು ಮಿಲಿಮೀಟರ್ ದಪ್ಪದ ಅಸ್ಮಿತೆ

ಒಂದು ಜನಾಂಗದ ಆತ್ಮ ಅದರ ಕಟ್ಟಡಗಳಲ್ಲಿ ನೆಲೆಸಿರುತ್ತದೆ ಎಂದು ದೊಡ್ಡವರು ಹೇಳುತ್ತಾರೆ. ನಮ್ಮ ಕಚೇರಿಯ ಮಟ್ಟಿಗೆ ಅರಬ್ ಜನರ ಆತ್ಮ ಮೂರು ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ಹಾಳೆಯಲ್ಲಿ ನೆಲೆಸಿತ್ತು. ಬಣ್ಣ ಹೊಡೆದ ಮೇಲೆ ಆ ಆತ್ಮಕ್ಕೆ ಹದಿನೈದು ವರ್ಷದ ಗ್ಯಾರಂಟಿಯೂ ಇತ್ತು.

ನೆದರ್‌ಲೆಂಡ್ಸ್‌ನ ರೈಸ್‌ವೈಕ್‌ನಲ್ಲಿರುವ ನಮ್ಮ ಕಚೇರಿ ಕಟ್ಟಡಗಳ ಹೊರಮೈಯನ್ನು ವಿನ್ಯಾಸ ಮಾಡುತ್ತದೆ. ಅದು ಗಾಳಿಗೆ ಹಾರಿಹೋಗದಂತೆ, ಬಿಸಿಲಿಗೆ ಹಿಗ್ಗಿ ಸೊಟ್ಟಗಾಗದಂತೆ ಲೆಕ್ಕ ಹಾಕುವುದು ನನ್ನ ಕೆಲಸ. ಬೋಲ್ಟು ನನ್ನದು, ಭಾವ ಬೇರೆಯವರದು. ಇಪ್ಪತ್ತು ವರ್ಷ ಈ ಗಡಿಯನ್ನು ನಾನೂ ದಾಟಿರಲಿಲ್ಲ, ಅವರೂ ದಾಟಿರಲಿಲ್ಲ.

ಕೊಲ್ಲಿಯ ಒಂದು ಬಂದರು ಪಟ್ಟಣದ ಪುರಸಭೆ, ಶಿಥಿಲವಾದ ಹಳೆಯ ಬಡಾವಣೆಯನ್ನು ಕೆಡವಿ, ಅಲ್ಲಿದ್ದ ಕುಟುಂಬಗಳಿಗೇ ನಾಲ್ಕಂತಸ್ತಿನ ಮನೆಗಳನ್ನು ಕಟ್ಟಿಸುತ್ತಿತ್ತು. ಕಿಟಕಿಗಳ ಹೊರಗೆ ಹಾಕುವ ಜಾಲರಿ ನಮ್ಮ ಪಾಲಿಗೆ ಬಂತು. ಹಳೆಯ ಅರಬ್ ಮನೆಗಳಲ್ಲಿ ಬೀದಿಯತ್ತ ಚಾಚಿಕೊಂಡ ಮರದ ಜಾಲರಿ ಕಿಟಕಿ ಇರುತ್ತಿತ್ತು. ಅದಕ್ಕೆ ಮಶ್ರಬಿಯಾ ಎನ್ನುತ್ತಾರೆ. ನಾವು ಮಾಡಬೇಕಾದದ್ದು ಅದರ ಈ ಕಾಲದ ಅವತಾರ.

ಪುರಸಭೆಯವರು ತಮಗೆ ಏನೇನು ಬೇಕೆಂದು ತೊಂಬತ್ತು ಪುಟ ಬರೆದು ಕಳಿಸಿದ್ದರು. ಅಂಥದ್ದನ್ನು ಒಬ್ಬನೇ ಕೂತು ಪೂರ್ತಿ ಓದುವುದು ನಮ್ಮ ಕಚೇರಿಯ ಸಂಪ್ರದಾಯವಲ್ಲ. ನಮ್ಮಲ್ಲಿ ಯಜ್ಞ ನಡೆಯುತ್ತದೆ. ತಲೆಗೆ ಹತ್ತು ಪುಟ ಹಂಚುತ್ತಾರೆ. ಓದಿದವನು ಅದರ ಸಾರವನ್ನು ಒಂದೊಂದು ಪದಕ್ಕಿಳಿಸಿ ಹಳದಿ ಚೀಟಿಯ ಮೇಲೆ ಬರೆದು ಗೋಡೆಗೆ ಅಂಟಿಸಬೇಕು. ಆಮೇಲೆ ಎಲ್ಲರಿಗೂ ಮೂರು ಮೂರು ಕೆಂಪು ಚುಕ್ಕಿ. ಮುಖ್ಯವೆನಿಸಿದ ಚೀಟಿಗೆ ಚುಕ್ಕಿ ಅಂಟಿಸುವುದು. ಹೆಚ್ಚು ಚುಕ್ಕಿ ಬಿದ್ದ ಚೀಟಿಯೇ ಯೋಜನೆಯ ಕುಲದೈವ. ನಿರ್ದೇಶಕನಿಗೂ ಮೂರೇ, ನೆನ್ನೆ ಸೇರಿದವನಿಗೂ ಮೂರೇ. ಸಮಾನತೆಯಲ್ಲಿ ಈ ದೇಶವನ್ನು ಮೀರಿಸುವವರಿಲ್ಲ. ತಪ್ಪನ್ನೂ ಎಲ್ಲರೂ ಸಮಪಾಲಾಗಿ ಮಾಡುತ್ತಾರೆ.

ಆ ದಿನ ಹದಿಮೂರು ಚುಕ್ಕಿ ಪಡೆದು ಗೆದ್ದದ್ದು ‘ಅಸ್ಮಿತೆ’ ಎಂಬ ಚೀಟಿ. ಅದರಲ್ಲಿ ಮೂರು ಚುಕ್ಕಿ ನನ್ನವು. ಊಟದ ಹೊತ್ತು ಮೀರಿತ್ತು, ಆ ಚೀಟಿ ಬಾಗಿಲ ಪಕ್ಕದಲ್ಲಿತ್ತು.

ಮುಂದಿನ ಆರು ವಾರ ಅಸ್ಮಿತೆಯ ಮೆರವಣಿಗೆ. ಮುಖ್ಯ ವಿನ್ಯಾಸಕ ಡಚ್ಚರವನು. ಸಜ್ಜನ, ಆರಡಿ ನಾಲ್ಕಂಗುಲ. ಆ ಊರಿನಲ್ಲಿ ಎರಡು ದಿನ ಇದ್ದು ಬಂದಿದ್ದ. ಆತ ತಯಾರಿಸಿದ ಚಿತ್ರಗಳಲ್ಲಿ ಮೊದಲು ಮರಳು ದಿಣ್ಣೆ ಬಂತು. ಆಮೇಲೆ ಗಿಡುಗ, ಮುತ್ತು, ಖರ್ಜೂರದ ಗರಿ. ಕೊನೆಗೆ ಗರಿಯೂ ದಿಣ್ಣೆಯೂ ಕರಗಿ ಎಂಟು ಮೂಲೆಯ ಒಂದು ನಕ್ಷತ್ರವಾದವು. ಆ ನಕ್ಷತ್ರದ ಆಕಾರದ ತೂತುಗಳು ಹಾಳೆಯ ತುಂಬ. ದೊಡ್ಡ ತೂತಿನಲ್ಲಿ ನನ್ನ ಮುಷ್ಟಿ ಸಲೀಸಾಗಿ ಹೋಗುತ್ತಿತ್ತು. ಹಾಳೆಯ ಬಣ್ಣಕ್ಕೆ ‘ಮರುಭೂಮಿಯ ಮುಂಜಾವು’ ಎಂದು ಹೆಸರಿಟ್ಟರು. ಬಣ್ಣದ ಕಂಪನಿಯ ಪಟ್ಟಿಯಲ್ಲಿ ಅದು ಬರೀ ಬೀಜ್, ಅಂದರೆ ಮಾಸಲು ಕಂದು. ಯಾರೋ ಅಪರಿಚಿತರ ಮದುವೆ ಆಲ್ಬಮ್ಮನ್ನು ಬಲವಂತವಾಗಿ ತೋರಿಸಿದರೆ ಹೇಗಾಗುತ್ತದೋ ಹಾಗಾಗುತ್ತಿತ್ತು ನನಗೆ. ಆದರೂ ಸುಮ್ಮನಿದ್ದೆ. ಬೋಲ್ಟು ಗಟ್ಟಿಯಾಗಿದ್ದವು.

ಡಿಸೆಂಬರ್ ಮೊದಲ ವಾರ ಸಹಿಯ ಕಾಗದ ನನ್ನ ಮೇಜಿಗೆ ಬಂತು. ಹಾಳೆ ಕತ್ತರಿಸಲು ಶುರು ಮಾಡುವ ಮುನ್ನ ಅದಕ್ಕೆ ನನ್ನ ಸಹಿ ಬೇಕು. ಏಳು ಸಾಲು: ಗಾಳಿ, ಶಾಖ, ತುಕ್ಕು, ಬಿಸಿಲಿನ ತಡೆ, ಬೆಂಕಿ, ಮರೆ, ಶುಚಿ. ಆರನೆಯ ಸಾಲು ಹೀಗಿತ್ತು: ‘ಜಾಲರಿಯು ಮನೆಯವರಿಗೆ ಬೀದಿಯಿಂದ ಸಾಕಷ್ಟು ಮರೆ ಒದಗಿಸುತ್ತದೆ.’ ಮುಂದೆ ಒಂದು ಅಂಕಿ, ಒಂದು ಸರಿ ಗುರುತು. ಮಿಕ್ಕ ಆರಕ್ಕೆ ಲೆಕ್ಕದ ಕಡತ ಇತ್ತು. ಇದಕ್ಕೆ ಮಾತ್ರ ಇರಲಿಲ್ಲ.

ತೂತುಗಳ ಪ್ರೋಗ್ರಾಂ ಬರೆದಿದ್ದವಳು ಮೈಸೂರಿನವಳು. ಮೂವತ್ತರ ಆಸುಪಾಸು, ಡೀಮೆನ್‌ನಿಂದ ದಿನಾ ರೈಲಿನಲ್ಲಿ ಬರುತ್ತಾಳೆ. ಇಡೀ ಕಚೇರಿಯಲ್ಲಿ ನಾವಿಬ್ಬರೇ ಕನ್ನಡದವರು. ಅವಳ ಮೇಜಿಗೆ ಹೋದೆ.

“ಈ ಮರೆಯ ಅಂಕಿ ಎಲ್ಲಿಂದ ಬಂತಮ್ಮ?”

“ಅದು ನಾನು ಹಾಕಿದ್ದಲ್ಲ ಸರ್. ಟೆಂಪ್ಲೇಟ್‌ನಲ್ಲೇ ಇತ್ತು. ಹಳೇ ಪ್ರಾಜೆಕ್ಟ್‌ದು.”

“ಹಳೇದು ಯಾವುದು?”

“ಪಾರ್ಕಿಂಗ್ ಗ್ಯಾರೇಜ್.”

“ಕಾರುಗಳು ಯಾರ ಕಣ್ಣಿಗೆ ಬಿದ್ದುಬಿಡ್ತವೆ ಅಂತ ಹೆದರಿದ್ವಂತೆ?”

“ಸರ್, ಪ್ಲೀಸ್. ರೆಂಡರ್ ನೋಡಿ, ಹೊರಗಡೆಯಿಂದ ಏನೂ ಕಾಣ್ಸಲ್ಲ. ತೂತೆಲ್ಲಾ ಕಪ್ಪಗಿದೆ.”

ನೋಡಿದೆ. ನಿಜವಾಗಿಯೂ ಕಪ್ಪಗಿತ್ತು. ಕಂಪ್ಯೂಟರಿನಲ್ಲಿ ಬಿಡಿಸಿದ ಹದಿನೆಂಟು ಚಿತ್ರ, ಹದಿನೆಂಟೂ ಮಟಮಟ ಮಧ್ಯಾಹ್ನ. ಹೊರಗೆ ಬಿಸಿಲು ಸುರಿಯುವಾಗ ತೂತು ಕಪ್ಪಗೇ ಕಾಣುವುದು. ನಮ್ಮ ಅಸ್ಮಿತೆಗೆ ಅದರಲ್ಲಿ ಯಾವ ಪಾತ್ರವೂ ಇಲ್ಲ. ಸಂಜೆ ಒಳಗೆ ದೀಪ ಹಾಕಿದರೆ ವ್ಯವಹಾರ ತಿರುಗುಮುರುಗಾಗುತ್ತದೆ. ಕತ್ತಲಾದ ಮೇಲಿನ ಚಿತ್ರ ಒಂದೂ ಇರಲಿಲ್ಲ. ಆ ಊರಿನಲ್ಲಿ ಜನ ಬೀದಿಗಿಳಿಯುವುದೇ ಹೊತ್ತು ಮುಳುಗಿದ ಮೇಲೆ. ಹಗಲು ಬಿಸಿಲಿಗೆ ನಾಯಿಯೂ ಹೊರಗೆ ಬರುವುದಿಲ್ಲ.

ಇಷ್ಟು ಮಂದಿ ಓದಿದವರಿಗೆ ಇದು ಹೇಗೆ ಹೊಳೆಯಲಿಲ್ಲ ಎಂದು ಕೇಳಬಹುದು. ಸಂಜೆ ಟ್ರಾಮ್ ಇಳಿದು ಮನೆಗೆ ನಡೆಯುವಾಗ ಉತ್ತರ ಎರಡೂ ಬದಿ ಸಾಲಾಗಿ ಕೂತಿತ್ತು. ಈ ದೇಶದಲ್ಲಿ ಕಿಟಕಿಗೆ ಪರದೆ ಎಳೆಯುವುದಿಲ್ಲ. ಒಂದು ಮನೆಯಲ್ಲಿ ಗಂಡಸು ಇಸ್ತ್ರಿ ಮಾಡುತ್ತಿರುತ್ತಾನೆ, ಮುಂದಿನದರಲ್ಲಿ ಮುದುಕಿ ಸೂಪು ಕುಡಿಯುತ್ತಿರುತ್ತಾಳೆ, ಅದರ ಮುಂದಿನದರಲ್ಲಿ ಗಂಡ ಹೆಂಡತಿ ಜಗಳವಾಡುತ್ತಿರುತ್ತಾರೆ. ಎಲ್ಲವೂ ದೀಪದ ಬೆಳಕಿನಲ್ಲಿ, ಬೀದಿಯಿಂದ ಎರಡು ಗಜ ದೂರದಲ್ಲಿ. ಯಾರೂ ನೋಡುವುದಿಲ್ಲ, ನೋಡಬಾರದೆಂಬುದೇ ಶಿಸ್ತು. ನಾವು ಈ ಮನೆಗೆ ಬಂದ ಹೊಸದರಲ್ಲಿ ನನ್ನ ಹೆಂಡತಿ ಚಳಿಗಾಲದ ಸಂಜೆ ನಾಲ್ಕಕ್ಕೇ, “ರೀ, ಮೊದಲು ಪರದೆ ಎಳೀರಿ, ಆಮೇಲೆ ಲೈಟ್ ಹಾಕ್ತೀನಿ” ಅನ್ನುತ್ತಿದ್ದಳು. ನಾಲ್ಕನೆಯ ದಿನ ಪಕ್ಕದ ಮನೆಯಾಕೆ ಹೂವು ಹಿಡಿದು ಬಂದು, ಮನೆಯಲ್ಲಿ ಯಾರಾದರೂ ತೀರಿಕೊಂಡರೇ ಎಂದು ಮೆಲ್ಲಗೆ ವಿಚಾರಿಸಿದರು. ಇಂಥ ಬೀದಿಗಳಲ್ಲಿ ಬೆಳೆದವರು ಮರೆಯ ಸಾಲಿಗೆ ಗ್ಯಾರೇಜಿನ ಅಂಕಿ ಬಿಟ್ಟದ್ದರಲ್ಲಿ ದುರುದ್ದೇಶವೇನೂ ಇಲ್ಲ. ನನಗೆ ಹೇಸಿಗೆಯಾದದ್ದು ನನ್ನ ಮೇಲೆ. ನಾಲ್ಕಕ್ಕೆ ಪರದೆ ಎಳೆಯುವ ಮನೆಯಿಂದ ದಿನಾ ಹೋಗಿ ಕೂತವನು ನಾನು.

ಮಾದರಿ ಜಾಲರಿಯೊಂದನ್ನು ದಕ್ಷಿಣದ ಊರಾದ ಬೆಸ್ಟ್‌ನ ಕಾರ್ಖಾನೆಯ ಅಂಗಳದಲ್ಲಿ ನಿಲ್ಲಿಸಿದ್ದರು. ಹಿಂದೆ ಪ್ಲೈವುಡ್ಡಿನ ಒಂದು ಕೋಣೆ. ಬಣ್ಣಕ್ಕೆ ಒಪ್ಪಿಗೆ ಕೊಡಲು ಬೆಳಗ್ಗೆ ಹನ್ನೊಂದಕ್ಕೆ ಹೋಗುವುದೆಂದು ಗೊತ್ತಾಗಿತ್ತು. ನಾನು ದಂತವೈದ್ಯರ ನೆಪ ಹೇಳಿ ಮೂರೂವರೆಗೆ ತಳ್ಳಿದೆ. ಡಿಸೆಂಬರಿನಲ್ಲಿ ಇಲ್ಲಿ ನಾಲ್ಕೂವರೆಗೆ ಕತ್ತಲು. ಪುರಸಭೆಯ ಕಡೆಯಿಂದ ಈ ಕೆಲಸ ನೋಡುತ್ತಿದ್ದ ಇಂಜಿನಿಯರಮ್ಮ ವಿಡಿಯೋ ಕರೆಯಲ್ಲಿ ಸೇರಿದರು. ಐವತ್ತರ ಹೆಂಗಸು, ಮಾತು ಕಡಿಮೆ. ಒಂದು ಪ್ರಶ್ನೆ ಕೇಳಿದರೆ ಉತ್ತರ ಬರುವವರೆಗೆ ರೆಪ್ಪೆ ಬಡಿಯುತ್ತಿರಲಿಲ್ಲ.

ವಿನ್ಯಾಸಕ ಮುಂಜಾವಿನ ಬಣ್ಣವನ್ನು ಮೂರು ಕೋನದಿಂದ ಕೊಂಡಾಡಿದ. ಅಷ್ಟರಲ್ಲಿ ಹೊತ್ತು ಮುಳುಗಿತು. ನಾನು ಟೇಪು ಹಿಡಿದು ಜಾಲರಿಯಿಂದ ಒಂಬತ್ತು ಮೀಟರ್ ಅಳೆದು ನೆಲಕ್ಕೆ ಗೆರೆ ಎಳೆದೆ. ನಕ್ಷೆಯ ಪ್ರಕಾರ ಆ ಊರಿನ ಬೀದಿಯ ಅಗಲ ಅಷ್ಟು. ಎಲ್ಲರನ್ನೂ ಗೆರೆಯ ಮೇಲೆ ನಿಲ್ಲಿಸಿ ನಮ್ಮ ಮೈಸೂರಿನವಳಿಗೆ ಹೇಳಿದೆ:

“ಒಳಗೆ ಹೋಗಿ ಲೈಟ್ ಹಾಕ್ಕೊಂಡು ಕೂತ್ಕೋ.”

“ಕೂತು ಏನ್ ಮಾಡ್ಲಿ ಸರ್?”

“ಮನೇಲಿ ಏನು ಮಾಡ್ತೀಯೋ ಅದು.”

“ಊಟ ಆಗಿಲ್ಲ ಸರ್ ನಂದು. ಡಬ್ಬಿ ಹಾಗೇ ಇದೆ.”

“ಅದೇ ಮಾಡು.”

ದೀಪ ಹತ್ತಿತು. ಮೂರು ಮಿಲಿಮೀಟರ್ ಹಾಳೆ ಕಣ್ಣಿಂದ ಮರೆಯಾಗಿ, ಅದರ ಜಾಗದಲ್ಲಿ ಅವಳು ಕಾಣಿಸಿಕೊಂಡಳು. ಜಾಕೆಟ್ ಬಿಚ್ಚಿ ಮೊಣಕಾಲಿನ ಮೇಲಿಟ್ಟದ್ದು, ಡಬ್ಬಿಯ ಮುಚ್ಚಳ ಬಿಡಿಸಲು ಹೆಣಗಿದ್ದು, ಮೂಸಿ ನೋಡಿದ್ದು, ಬೆರಳು ನೆಕ್ಕಿದ್ದು, ಎಲ್ಲವೂ ನಮ್ಮ ಮುಂದೆ ನಡೆಯಿತು. ನಾನು, ವಿನ್ಯಾಸಕ, ಕಾರ್ಖಾನೆಯ ಇಬ್ಬರು, ಹೀಗೆ ನಾವು ನಾಲ್ಕು ಜನ ಗಂಡಸರು ಸಾಲಾಗಿ ನಿಂತು ಒಬ್ಬ ಹೆಂಗಸು ಊಟ ಮಾಡುವುದನ್ನು ನೋಡುತ್ತಿದ್ದೆವು.

ವಿನ್ಯಾಸಕನ ಮುಖ ಅರಳಿತು. “ಎಷ್ಟು ಖೆಜೆಲಿಖ್!” ಎಂದ. ಬೆಚ್ಚಗೆ, ಆಪ್ತವಾಗಿ ಇರುವುದಕ್ಕೆಲ್ಲ ಡಚ್ಚರಿಗೆ ಇರುವುದು ಅದೊಂದೇ ಮಾತು. “ಬೀದಿಯಲ್ಲಿ ಹೋಗೋರಿಗೆ ಒಳಗೆ ಜೀವ ಇದೆ ಅಂತ ಗೊತ್ತಾಗುತ್ತೆ. ಬಹಳ ಚೆನ್ನಾಗಿದೆ.”

ಫೋನಿನ ಪರದೆಯಲ್ಲಿ ಇಂಜಿನಿಯರಮ್ಮ ಮುಖವನ್ನು ಹತ್ತಿರ ತಂದರು. ಆಮೇಲೆ ನನ್ನನ್ನು ಕೇಳಿದರು: “ಆಕೆ ತಿನ್ನುತ್ತಿರುವುದು ಏನು?”

“ಚಪಾತಿ. ಜೊತೆಗೆ ಆಲೂಗಡ್ಡೆ ಪಲ್ಯ.”

“ಪಲ್ಯ ಹಳದಿಯೇ?”

“ಹೌದು, ಅರಿಶಿನ ಹಾಕಿರುತ್ತೆ.”

“ಹಾಗಾದರೆ ನನ್ನ ಫೋನಿನ ಬಣ್ಣ ಸರಿಯಾಗಿದೆ.” ಆಮೇಲೆ ಎಲ್ಲರಿಗೂ ಕೇಳಿಸುವಂತೆ ಕೇಳಿದರು. “ನಿಮ್ಮಲ್ಲಿ ಯಾರಾದರೂ ನಮ್ಮ ಪುಸ್ತಕದ ನಲವತ್ತೊಂದನೆಯ ಪುಟ ಓದಿದ್ದೀರಾ? ಒಳಗೆ ಕೂತವರಿಗೆ ಬೀದಿ ಕಾಣಬೇಕು, ಬೀದಿಯವರಿಗೆ ಒಳಗೆ ಕೂತವರು ಕಾಣಬಾರದು ಅಂತ ಬರೆದಿದ್ದೆ. ಆ ಪುಟ ನಾನೇ ಬರೆದದ್ದು. ನಕ್ಷತ್ರ ಅನ್ನುವ ಪದ ತೊಂಬತ್ತು ಪುಟದಲ್ಲಿ ಎಲ್ಲೂ ಇಲ್ಲ.”

ನಲವತ್ತೊಂದನೆಯ ಪುಟವನ್ನು ಯಜ್ಞದ ದಿನ ಯಾರೋ ಹಳದಿ ಚೀಟಿಗೆ ಇಳಿಸಿದ್ದರು. ಒಂದು ಪದದಲ್ಲಿ ಬರೆಯಬೇಕಿತ್ತಲ್ಲ. ‘ಅಸ್ಮಿತೆ’ ಎಂದು ಬರೆದಿದ್ದರು.

ಎರಡು ದಿನದಲ್ಲಿ ವಿನ್ಯಾಸಕ ಪರಿಹಾರ ತಂದ. ಜಾಲರಿಯ ಹಿಂದಿನ ಗಾಜಿಗೆ ಬಚ್ಚಲುಮನೆಯ ಕಿಟಕಿಗೆ ಹಾಕುವಂಥ ಮಸುಕು ಹಾಳೆ ಅಂಟಿಸುವುದು. ಹೊರಗಿನವರಿಗೆ ಒಳಗೆ ಕಾಣುವುದಿಲ್ಲ.

“ಒಳಗಿನವರಿಗೆ ಹೊರಗೆ?” ಎಂದೆ.

“ಬೆಳಕು ಬರುತ್ತಲ್ಲ.”

“ಬೀದಿ?”

“ನೋಡಿ, ಆರನೇ ಸಾಲಿನಲ್ಲಿ ಇರುವುದು ಮರೆ ಮಾತ್ರ. ಮರೆ ಸಿಕ್ಕಿತು, ನಕ್ಷತ್ರ ಉಳಿಯಿತು, ಅಸ್ಮಿತೆಗೆ ಧಕ್ಕೆ ಇಲ್ಲ. ಶುಕ್ರವಾರದೊಳಗೆ ಸಹಿ ಬೇಕು. ಹಿಂಬದಿ ಕಿಟಕಿಗಳ ಹಾಳೆ ಆಗಲೇ ಕತ್ತರಿಸಲು ಹಾಕಿದ್ದೇವೆ.”

ಸಹಿಗೆ ಮುಂಚೆಯೇ ಕತ್ತರಿಸಲು ಹಾಕಿದ್ದರು. ನನ್ನ ಸಹಿಯ ಮೇಲೆ ಅಷ್ಟು ನಂಬಿಕೆ! ಆತ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಹಳೆಯ ಬಡಾವಣೆಯ ಹೆಂಗಸರು ಸಂಜೆಯೆಲ್ಲ ಜಾಲರಿಗೆ ಆತುಕೊಂಡು ಬೀದಿ ನೋಡುತ್ತ, ಎದುರು ಮನೆಯವರೊಂದಿಗೆ ಮಾತಾಡುತ್ತ, ಮಕ್ಕಳನ್ನು ಗದರಿಸುತ್ತ ಇದ್ದವರಂತೆ. ಇಂಜಿನಿಯರಮ್ಮ ಕಳಿಸಿದ ಫೋಟೋಗಳಲ್ಲಿ ಆ ಕಿಟಕಿಗಳ ಒಳಗೆ ಸವೆದ ದಿಂಬುಗಳಿದ್ದವು. ಅವರಿಗೆ ನಾವು ಕೊಡುತ್ತಿದ್ದದ್ದು ಬಚ್ಚಲ ಗಾಜು, ಮುಂದೆ ಒಂದು ನಕ್ಷತ್ರ. ಒಳಗಿರುವವರು ಬದುಕಿನುದ್ದಕ್ಕೂ ಆ ನಕ್ಷತ್ರದ ನೆರಳನ್ನು ನೋಡುತ್ತ ಕೂರಬೇಕು.

ಗುರುವಾರ ಸಂಜೆ ಮೈಸೂರಿನವಳೂ ನಾನೂ ಒಟ್ಟಿಗೆ ಸ್ಟೇಷನ್ನಿಗೆ ನಡೆದೆವು.

“ಸರ್, ಸೈನ್ ಮಾಡ್ಬಿಡಿ,” ಎಂದಳು. “ಟೆಕ್ನಿಕಲಿ ಕರೆಕ್ಟ್ ಇದೆ.”

“ಟೆಕ್ನಿಕಲಿ ಕರೆಕ್ಟ್ ಇರೋದೇ ಕಷ್ಟ ಕಣಮ್ಮ.”

“ನಿಮಗೇನ್ ಸರ್, ಇನ್ನು ನಾಲ್ಕು ವರ್ಷ, ಪೆನ್ಷನ್ ಬರುತ್ತೆ. ನಂದು ಫಸ್ಟ್ ಪ್ರಾಜೆಕ್ಟ್. ನನ್ನ ಹೆಸರಲ್ಲಿ ಪಬ್ಲಿಶ್ ಆಗತ್ತೆ ಅಂದಿದ್ದಾರೆ. ಅಷ್ಟೂ ತೂತು ನಾನ್ ಕೂರಿಸಿದ್ದು.”

“ಆ ತೂತಲ್ಲಿ ನಿನ್ನ ಪಲ್ಯ ಕಾಣ್ತಿತ್ತು.”

“ಗೊತ್ತು ಸರ್. ಆ ಅಂಕಲ್‌ಗಳೆಲ್ಲಾ ನಿಂತ್ಕೊಂಡು ನೋಡ್ತಿದ್ರಲ್ಲ, ಒಳಗಿಂದ ನನಗೆ ನೀವು ಯಾರೂ ಕಾಣ್ತಿರ್ಲಿಲ್ಲ. ಬರೀ ಕತ್ಲು. ನೋಡ್ತಿದ್ದಾರೆ ಅಂತ ಮಾತ್ರ ಗೊತ್ತಾಗ್ತಿತ್ತು.” ಬ್ಯಾಗಿನ ಪಟ್ಟಿಯನ್ನು ಇನ್ನೊಂದು ಹೆಗಲಿಗೆ ಬದಲಿಸಿದಳು. “ಅದು ಚೆನ್ನಾಗಿರ್ಲಿಲ್ಲ ಸರ್.”

ಅವಳ ರೈಲು ಬಂತು.

ಶುಕ್ರವಾರ ಬೆಳಗ್ಗೆ ಕಾಗದ ತೆಗೆದುಕೊಂಡು ಐದನೆಯ ಸಾಲಿನವರೆಗೆ ಸಹಿ ಹಾಕಿದೆ. ಆರನೆಯದನ್ನು ಸ್ಕೇಲು ಇಟ್ಟು ಹೊಡೆದುಹಾಕಿ, ಅಂಚಿನಲ್ಲಿ ನಲವತ್ತೊಂದನೆಯ ಪುಟದ ವಾಕ್ಯವನ್ನು ಅಕ್ಷರಕ್ಕಕ್ಷರ ಬರೆದು, ಅದರ ಮುಂದೆ ‘ಪೂರೈಸುವುದಿಲ್ಲ’ ಎಂದು ಬರೆದೆ. ಏಳನೆಯ ಸಾಲಿಗೂ ಸಹಿ ಹಾಕಿದೆ; ಶುಚಿಯ ಬಗ್ಗೆ ನನಗೆ ತಕರಾರಿರಲಿಲ್ಲ. ನಿಯಮದಂತೆ ಒಂದು ಪ್ರತಿಯನ್ನು ಪುರಸಭೆಗೆ ನಾನೇ ಕಳಿಸಿದೆ. ಇಪ್ಪತ್ತು ವರ್ಷದಲ್ಲಿ ನಾನು ಮಾಡಿದ ಏಕೈಕ ಕ್ರಾಂತಿಗೆ ಹನ್ನೊಂದು ನಿಮಿಷ ಹಿಡಿಯಿತು.

ಸೋಮವಾರ ನನ್ನನ್ನು ಆ ಯೋಜನೆಯಿಂದ ಬಿಡಿಸಿದರು. ಬಯ್ಯಲಿಲ್ಲ. ಕಾಫಿ ಕೊಟ್ಟು, ನನ್ನ ‘ಕಾಳಜಿಗೆ ಜಾಗ ಮಾಡಿಕೊಟ್ಟಿದ್ದೇವೆ’ ಎಂದು ಹೇಳಿ, ಈಜುಕೊಳವೊಂದರ ಚಾವಣಿಯನ್ನು ಒಪ್ಪಿಸಿದರು. ನನ್ನ ಬದಲಿಗೆ ಬಂದವನೂ ಸಹಿ ಹಾಕುವಂತಿರಲಿಲ್ಲ. ಪುರಸಭೆ ನನ್ನ ಅಂಚಿನ ಬರಹವನ್ನೇ ಹಿಡಿದುಕೊಂಡು, ಆ ವಾಕ್ಯ ಪೂರೈಸದ ಜಾಲರಿ ಬೇಡವೆಂದು ಬರೆದಿತ್ತು.

ಎರಡು ವಾರದ ನಂತರ ಮೈಸೂರಿನವಳು ಊಟದ ಹೊತ್ತಿನಲ್ಲಿ ಲ್ಯಾಪ್‌ಟಾಪ್ ತಂದು ನನ್ನ ಮುಂದೆ ಇಟ್ಟಳು. ನಕ್ಷತ್ರ ಇರಲಿಲ್ಲ. ದುಂಡನೆಯ ಸಣ್ಣ ಅಲ್ಯೂಮಿನಿಯಂ ಕೊಳವೆಗಳ ಜಾಲರಿ: ಕೂತವರ ತಲೆಯ ಮಟ್ಟದವರೆಗೆ ಒತ್ತೊತ್ತಾಗಿ, ಕಿರುಬೆರಳೂ ತೂರದ ಸಂದು, ಅದರ ಮೇಲೆ ಗಾಳಿ ಬೆಳಕಿಗೆ ಅಗಲ.

“ಆ ಮೇಡಂ ಕಳಿಸಿದ ಫೋಟೋನೆಲ್ಲಾ ಅಳೆದೆ ಸರ್. ಹಳೇ ಮರದ್ರಲ್ಲೂ ಹೀಗೇ ಇದೆ, ಕೆಳಗೆ ಸಣ್ಣದು, ಮೇಲೆ ದೊಡ್ಡದು. ಮರಾನ ದುಂಡಗೆ ಕಡೆದಿದ್ದಾರೆ. ನಾವು ಬರೀ ಡಿಸೈನ್ ನೋಡಿದ್ವಿ.”

ಬಾಗಿಲ ಬೀಗದ ತೂತಿಗೆ ಕಣ್ಣಿಟ್ಟವನಿಗೆ ಇಡೀ ಕೋಣೆ ಕಾಣುತ್ತದೆ. ಒಂಬತ್ತು ಮೀಟರ್ ದೂರ ನಿಂತವನಿಗೆ ಬರೀ ಬೀಗ ಕಾಣುತ್ತದೆ. ಆ ಜಾಲರಿಯ ಶಾಸ್ತ್ರವೆಲ್ಲ ಇಷ್ಟೇ. ಕೊಳವೆ ದುಂಡಗಿದ್ದರೆ ಹತ್ತಿರವಿರುವ ಕಣ್ಣಿಗೆ ಅಕ್ಕಪಕ್ಕವೂ ಸಿಗುತ್ತದೆ. ಮೇಲಿನ ಅಗಲ ಸಂದಿನಿಂದ ಬೀದಿಯವರಿಗೆ ಕಾಣುವುದು ಚಾವಣಿ ಮಾತ್ರ. ಇದನ್ನು ಯಾವುದೋ ಬಡಗಿ ಯಾವ ಚೀಟಿಯನ್ನೂ ಅಂಟಿಸದೆ ಕಂಡುಕೊಂಡಿದ್ದ. ಬೋಲ್ಟಿನ ಲೆಕ್ಕ ನಾನು ಅಲ್ಲೇ ಕರವಸ್ತ್ರದಷ್ಟು ಕಾಗದದ ಮೇಲೆ ಹಾಕಿಕೊಟ್ಟೆ. ಅದರ ಮೇಲೆ ನನ್ನ ಹೆಸರು ಬರೆಯಬೇಡ ಎಂದೂ ಹೇಳಿದೆ.

ಜನವರಿಯಲ್ಲಿ ಮತ್ತೆ ಬೆಸ್ಟ್‌ನಲ್ಲಿ ಮಾದರಿ ನಿಲ್ಲಿಸಿದರು. ನಾನು ಒಂದು ದಿನ ರಜೆ ಹಾಕಿ, ಖಾಸಗಿ ನಾಗರಿಕನಾಗಿ ಹೋದೆ. ಆರು ಗಂಟೆ, ಪೂರಾ ಕತ್ತಲು. ಗೆರೆಯ ಮೇಲೆ ನಿಂತೆವು. ಕೊಳವೆಗಳ ನಡುವೆ ಹಳದಿ ಮಬ್ಬು ಬೆಳಕು ಬಿಟ್ಟರೆ ಬೇರೇನಿಲ್ಲ. ವಿನ್ಯಾಸಕ ಎರಡು ಸಲ ಹಿಂದೆ ಮುಂದೆ ನಡೆದು ನೋಡಿದ.

“ಅರಬ್ ಅಂತ ಹೇಗೆ ಗೊತ್ತಾಗಬೇಕು ಇದು?” ಎಂದ. ಸಂಕಟದಿಂದಲೇ ಕೇಳಿದ, ಕುಹಕವಿರಲಿಲ್ಲ.

“ಯಾರಿಗೆ ಗೊತ್ತಾಗಬೇಕು?” ಎಂದರು ಫೋನಿನಲ್ಲಿ ಇಂಜಿನಿಯರಮ್ಮ. ಆಮೇಲೆ, “ಆಕೆ ಒಳಗೆ ಇದ್ದಾಳೆಯೇ?”

ಒಳಗಿನಿಂದಲೇ ಕನ್ನಡದಲ್ಲಿ ಉತ್ತರ ಬಂತು: “ಸರ್, ಮೂಗು ಒರೆಸ್ಕೊಳ್ಳೋಕೆ ಕರ್ಚೀಫ್ ಇಲ್ವಾ? ಕೋಟ್ ತೋಳಲ್ಲಿ ಯಾಕೆ ಒರೆಸ್ತೀರಾ?”

ಅನುವಾದ ಮಾಡಿ ಹೇಳಬೇಕಾಯಿತು. ಇಂಜಿನಿಯರಮ್ಮ ನಕ್ಕದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಕಚೇರಿಗೆ ಹಿಂದಿರುಗಿದ ಮೇಲೆ ಮತ್ತೆ ಗೋಡೆ, ಮತ್ತೆ ಚೀಟಿ, ಮತ್ತೆ ಚುಕ್ಕಿ. ನಾನು ಹೊರಗಿನವನಾದ್ದರಿಂದ ನನಗೆ ಚುಕ್ಕಿ ಇರಲಿಲ್ಲ. ಹಿಂಬದಿಯ ಕಿಟಕಿಗಳ ನಕ್ಷತ್ರದ ಹಾಳೆಗಳು ಕತ್ತರಿಸಿ ಬಣ್ಣ ಹೊಡೆದು ಸಿದ್ಧವಾಗಿದ್ದವು. ಅವನ್ನು ಎಸೆಯುವುದು ಪರಿಸರಕ್ಕೆ ಒಳ್ಳೆಯದಲ್ಲವೆಂದು ಎಲ್ಲರಿಗೂ ಸಮಾನವಾಗಿ ಅನ್ನಿಸಿತು. ಹಿಂಬದಿಯಲ್ಲಿರುವುದು ಬೀದಿಯಲ್ಲ, ಓಣಿ ಎಂಬ ತರ್ಕವೂ ಸಿಕ್ಕಿತು. ಓಣಿಯಲ್ಲೂ ಜನ ಓಡಾಡುತ್ತಾರೆ ಎಂದು ಇಂಜಿನಿಯರಮ್ಮ ಎರಡು ಪತ್ರ ಬರೆದರು. ಮೂರನೆಯದನ್ನು ಬರೆಯುವಷ್ಟರಲ್ಲಿ ಅವರ ಮೇಲಿನವರು ಒಪ್ಪಿ ಸಹಿ ಹಾಕಿದ್ದರು.

ಮುಂದಿನ ವರ್ಷ ಮನೆಗಳನ್ನು ಹಂಚಿದರು. ಒಟ್ಟು ಇನ್ನೂರ ಎಂಟು ಕಿಟಕಿಗಳು. ಬೀದಿ ಬದಿಯ ತೊಂಬತ್ತಾರಕ್ಕೆ ಕೊಳವೆಯ ಜಾಲರಿ ಇದೆ. ಉಳಿದ ನೂರ ಹನ್ನೆರಡಕ್ಕೆ ನಕ್ಷತ್ರದ ಹಾಳೆ ಮತ್ತು ಮಸುಕು ಗಾಜು ಹಾಕಿದ್ದಾರೆ.